ವ್ಯಾಪಾರ ನಿಂತರೆ ಮೊದಲು ಗೋದಾಮು ನೋಡಿ: ‘ಜ್ಯೂಸ್: ಮಾಸ್ಟರ್ ಆಫ್ ಒಲಿಂಪಸ್’ ಆಡುವವರಿಗೆ ಒಂದು ಉತ್ತರ

ಪ್ರಶ್ನೆ: ಸರ್, ಹಳೆಯ ಗ್ರೀಕ್ ನಗರ ಕಟ್ಟಿ ಆಳುವ ಕಂಪ್ಯೂಟರ್ ಆಟ ‘ಜ್ಯೂಸ್: ಮಾಸ್ಟರ್ ಆಫ್ ಒಲಿಂಪಸ್’ ಆಡುತ್ತಿದ್ದೇನೆ. ನನ್ನ ನಗರದಲ್ಲಿ ಮರ ಸಿಗುವುದಿಲ್ಲ, ಅಮೃತಶಿಲೆಯೂ ಇಲ್ಲ. ಎರಡನ್ನೂ ಒಂದೇ ಮಿತ್ರ ನಗರದಿಂದ ತರಿಸುತ್ತಿದ್ದೆ. ಆಲಿವ್ ಎಣ್ಣೆ ಮಾರಿ ಚೆನ್ನಾಗಿ ದುಡ್ಡು ಬರುತ್ತಿತ್ತು. ಆಮೇಲೆ ಅದೇ ಮಿತ್ರ ನಗರ ನನ್ನ ಹತ್ತಿರ ಎಣ್ಣೆ ಕೇಳಿತು. ಗೋದಾಮಿನಲ್ಲಿ ಇರಲಿಲ್ಲ, ಮುಂದೂಡಿದೆ. ಕೊಡುವಷ್ಟರಲ್ಲಿ ಅವಧಿ ಮುಗಿಯಿತು. ಈಗ ಅವರು ವ್ಯಾಪಾರವನ್ನೇ ನಿಲ್ಲಿಸಿದ್ದಾರೆ. ದೇವಸ್ಥಾನ ಅರ್ಧಕ್ಕೆ ನಿಂತಿದೆ. ಇದರ ಮೇಲೆ ಶತ್ರು ನಗರವೊಂದು ಕಪ್ಪ ಕೇಳುತ್ತಿದೆ. ಕೊಡಬೇಕಾ, ಸೈನ್ಯ ಕಟ್ಟಬೇಕಾ? ಇಲ್ಲಾ ಮೊದಲಿನಿಂದ ಶುರು ಮಾಡಲಾ?

ಉತ್ತರ: ಮೊದಲಿನಿಂದ ಶುರು ಮಾಡಬೇಡಿ. ನಿಮ್ಮ ನಗರ ಇನ್ನೂ ಗಟ್ಟಿಯಾಗಿದೆ. ಎಣ್ಣೆ ತಯಾರಾಗುತ್ತಿದೆ, ಜನ ಇದ್ದಾರೆ, ಮಾರುಕಟ್ಟೆ ನಡೆಯುತ್ತಿದೆ. ಕೆಟ್ಟಿರುವುದು ಒಂದು ಸಂಬಂಧ ಮಾತ್ರ. ಅದನ್ನು ಸರಿ ಮಾಡುವ ಸಾಮಾನು ನಿಮ್ಮ ಹತ್ತಿರವೇ ಇದೆ.

ನೀವು ಎರಡು ತೊಂದರೆ ಹೇಳಿದ್ದೀರಿ. ಒಂದು ವ್ಯಾಪಾರದ್ದು, ಇನ್ನೊಂದು ಶತ್ರುವಿನದ್ದು. ನನ್ನ ಪ್ರಕಾರ ಎರಡೂ ಒಂದೇ. ಈ ಆಟದಲ್ಲಿ ಎಲ್ಲ ರಾಜತಾಂತ್ರಿಕತೆಯೂ ಕೊನೆಗೆ ಗೋದಾಮಿಗೆ ಬಂದು ನಿಲ್ಲುತ್ತದೆ. ಮಿತ್ರರು ಕೇಳುವುದು ಸಾಮಾನು. ಶತ್ರು ಕೇಳುವುದೂ ಸಾಮಾನು, ಇಲ್ಲವೇ ದುಡ್ಡು. ಸೈನಿಕನಿಗೆ ಕವಚ ಬೇಕು, ಅವನ ಮನೆಗೆ ವೈನ್ ಬೇಕು. ದೇವರನ್ನು ಕರೆಸಲು ಅಮೃತಶಿಲೆ, ಮರ, ಪ್ರತಿಮೆ ಬೇಕು. ಹಾಗಾಗಿ ‘ಎಷ್ಟು ಮಾರಬಹುದು’ ಅಂತ ಕೇಳಿಕೊಳ್ಳುವ ಮೊದಲು ‘ಎಷ್ಟು ಇಟ್ಟುಕೊಳ್ಳಬೇಕು’ ಅಂತ ಕೇಳಿಕೊಳ್ಳಬೇಕು. ನಿಮ್ಮ ನಗರದಲ್ಲಿ ತಪ್ಪಿದ್ದು ಇಷ್ಟೇ.

ಟ್ರೇಡಿಂಗ್ ಪೋಸ್ಟ್, ಅಂದರೆ ಬೇರೆ ನಗರದ ಜೊತೆ ವ್ಯಾಪಾರ ಮಾಡುವ ಕಟ್ಟಡ, ಹೇಗೆ ಕೆಲಸ ಮಾಡುತ್ತದೆ ಅನ್ನುವುದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಈ ಆಟ ಮಾಡಿದ ಇಂಪ್ರೆಷನ್ಸ್ ಸಂಸ್ಥೆಯೇ 1998ರಲ್ಲಿ ತಂದ ‘ಸೀಸರ್ 3’ ಆಡಿ ಬಂದವರು ಇಲ್ಲೇ ಎಡವುತ್ತಾರೆ. ಆ ಆಟದಲ್ಲಿ ವ್ಯಾಪಾರಿಗಳು ನೇರವಾಗಿ ನಿಮ್ಮ ಗೋದಾಮಿಗೇ ಬರುತ್ತಿದ್ದರು. 2000ದಲ್ಲಿ ಬಂದ ‘ಜ್ಯೂಸ್’ನಲ್ಲಿ ಹಾಗಿಲ್ಲ. ಪ್ರತಿ ನಗರಕ್ಕೂ ಬೇರೆ ಬೇರೆ ಕಟ್ಟಡ ಬೇಕು. ನೆಲದ ದಾರಿಯಲ್ಲಿ ಬರುವವರಿಗೆ ಟ್ರೇಡಿಂಗ್ ಪೋಸ್ಟ್, ಹಡಗಿನಲ್ಲಿ ಬರುವವರಿಗೆ ದಡದಲ್ಲಿ ಪಿಯರ್, ಅಂದರೆ ಹಡಗುಕಟ್ಟೆ. ಪೋಸ್ಟ್‌ನಲ್ಲಿ ಅದರದೇ ಜಾಗ ಇರುತ್ತದೆ. ಮಾರುವ ಸಾಮಾನು ಮೊದಲು ಅಲ್ಲಿಗೆ ಹೋಗಿ ಕೂರುತ್ತದೆ. ಕೊಂಡ ಸಾಮಾನೂ ಮೊದಲು ಅಲ್ಲಿಗೇ ಬಂದು ಬೀಳುತ್ತದೆ.

ಇದರಿಂದ ಏನಾಗುತ್ತದೆ ನೋಡಿ. ‘ಎಣ್ಣೆ ಮಾರು’ ಅಂತ ಆದೇಶ ಕೊಟ್ಟು ಮಿತಿ ಹಾಕದೇ ಬಿಟ್ಟರೆ ಪೋಸ್ಟ್ ಎಣ್ಣೆಯನ್ನು ಎಳೆದುಕೊಳ್ಳುತ್ತಲೇ ಇರುತ್ತದೆ. ಗಾಣದಿಂದ ಬಂದ ಎಣ್ಣೆ ನಗರದ ಗೋದಾಮಾದ ಸ್ಟೋರ್‌ಹೌಸ್‌ನಲ್ಲಿ ನಿಲ್ಲುವುದೇ ಇಲ್ಲ. ಅಗೋರಾದ, ಅಂದರೆ ಮಾರುಕಟ್ಟೆಯ, ಎಣ್ಣೆ ಅಂಗಡಿಯವನಿಗೂ ಸಿಗುವುದಿಲ್ಲ. ಎಣ್ಣೆ ಸಿಗದ ಮನೆಗಳು ಕೆಳಗಿನ ಹಂತಕ್ಕೆ ಇಳಿಯುತ್ತವೆ, ಜನ ಬಿಟ್ಟು ಹೋಗುತ್ತಾರೆ, ಕೆಲಸಕ್ಕೆ ಆಳು ಕಡಿಮೆಯಾಗುತ್ತಾರೆ, ಗಾಣವೇ ನಿಧಾನವಾಗುತ್ತದೆ. ಅಷ್ಟು ಹೊತ್ತಿಗೆ ಮಿತ್ರ ನಗರದ ದೂತ ಬಂದು ಎಣ್ಣೆ ಕೇಳುತ್ತಾನೆ. ಖಜಾನೆಯಲ್ಲಿ ದುಡ್ಡು ತುಂಬಿದೆ, ಗೋದಾಮಿನಲ್ಲಿ ಒಂದು ಗಡಿಗೆ ಎಣ್ಣೆ ಇಲ್ಲ. ನಿಮ್ಮಲ್ಲಿ ಆಗಿದ್ದು ಇದೇ ಅಲ್ವಾ?

ಮದ್ದು ಸುಲಭ. ಅಗೋರಾಕ್ಕೆ ಹತ್ತಿರ ಒಂದು ಸ್ಟೋರ್‌ಹೌಸ್ ಕಟ್ಟಿ. ಅದರಲ್ಲಿ ಎಣ್ಣೆ ಬಿಟ್ಟು ಮಿಕ್ಕಿದ್ದನ್ನೆಲ್ಲ ‘ಬೇಡ’ ಅಂತ ಮಾಡಿ. ಎಣ್ಣೆಗೆ ‘ತಂದುಕೋ’ ಅನ್ನುವ ಆದೇಶ ಕೊಡಿ. ಆಮೇಲೆ ಟ್ರೇಡಿಂಗ್ ಪೋಸ್ಟ್‌ಗೆ ಹೋಗಿ ಮಾರಾಟದ ಮಿತಿ ಹಾಕಿ. ಅಂದರೆ, ಇಷ್ಟು ನಮ್ಮಲ್ಲೇ ಉಳಿದ ಮೇಲೆ ಮಿಕ್ಕಿದ್ದು ಮಾರು, ಅನ್ನುವ ಅಂಕಿ. ಆ ಅಂಕಿ ಎಷ್ಟಿರಬೇಕು ಅಂತ ತುಂಬಾ ಜನ ಕೇಳುತ್ತಾರೆ. ನಾನು ಹೀಗೆ ಲೆಕ್ಕ ಹಾಕುತ್ತೇನೆ: ಅಗೋರಾ ಒಂದು ವರ್ಷದಲ್ಲಿ ಖರ್ಚು ಮಾಡುವಷ್ಟು, ಅದರ ಮೇಲೆ ಈ ಅಧ್ಯಾಯದಲ್ಲಿ ಯಾರಾದರೂ ಕೇಳಿದ ಅತಿ ದೊಡ್ಡ ಬೇಡಿಕೆಯಷ್ಟು. ಎರಡನ್ನೂ ಕೂಡಿಸಿದರೆ ಬರುವುದು ನಿಮ್ಮ ಮಿತಿ. ಮೊದಮೊದಲು ಆದಾಯ ಕಡಿಮೆಯಾದ ಹಾಗೆ ಕಾಣುತ್ತದೆ. ಆ ದಾಸ್ತಾನು ತುಂಬುವವರೆಗೆ ಮಾತ್ರ ಹಾಗೆ. ತುಂಬಿದ ಮೇಲೆ ಮೊದಲಿನಷ್ಟೇ ಎಣ್ಣೆ ಹೊರಗೆ ಹೋಗುತ್ತದೆ.

ಕೊಳ್ಳುವ ಕಡೆಯೂ ಇದೇ ಮಾತು. ಪ್ರತಿ ನಗರವೂ ವರ್ಷಕ್ಕೆ ಇಷ್ಟೇ ಕೊಳ್ಳುತ್ತದೆ, ಇಷ್ಟೇ ಮಾರುತ್ತದೆ. ವರ್ಷ ತಿರುಗಿದಾಗ ಲೆಕ್ಕ ಹೊಸದಾಗಿ ಶುರುವಾಗುತ್ತದೆ. ಈ ವರ್ಷ ಕೊಳ್ಳದೆ ಬಿಟ್ಟ ಅಮೃತಶಿಲೆ ಮುಂದಿನ ವರ್ಷಕ್ಕೆ ಸೇರಿಕೊಳ್ಳುವುದಿಲ್ಲ. ಹಾಗಾಗಿ ದೇವಸ್ಥಾನದ ಕೆಲಸ ಶುರು ಮಾಡುವ ಎಷ್ಟೋ ಮೊದಲೇ ಮರ ಮತ್ತು ಅಮೃತಶಿಲೆ ಕೊಳ್ಳಲು ಶುರು ಮಾಡಬೇಕು. ಅಡಿಪಾಯ ಹಾಕಿದ ಮೇಲೆ ಸಾಮಾನಿಗೆ ಕಾಯುವುದು ತೀರಾ ಸಾಮಾನ್ಯವಾಗಿ ಕಾಣುವ ತೊಂದರೆ. ಅಲ್ಲಿಯವರೆಗೆ ಜನ ಸುಮ್ನೆ ಕೂರುತ್ತಾರೆ, ಸಂಬಳ ಮಾತ್ರ ಹೋಗುತ್ತಿರುತ್ತದೆ.

ಏನು ಮಾರಬೇಕು ಅನ್ನುವುದರಲ್ಲಿ ನಿಮಗೆ ಹೆಚ್ಚು ಹೇಳಬೇಕಾಗಿಲ್ಲ. ನೀವು ಎಣ್ಣೆ ಮಾರುತ್ತಿದ್ದೀರಿ, ಕಾಯಿ ಮಾರುತ್ತಿಲ್ಲ. ಅದು ಸರಿ. ದ್ರಾಕ್ಷಿಗಿಂತ ವೈನ್, ಕಂಚಿಗಿಂತ ಪ್ರತಿಮೆ ಮತ್ತು ಕವಚ ಹೆಚ್ಚು ಬೆಲೆಗೆ ಹೋಗುತ್ತವೆ. ನಿಮ್ಮಲ್ಲಿ ಕಂಚು ಇಲ್ಲದಿದ್ದರೂ ಹೊರಗಿನಿಂದ ತರಿಸಿ ಪ್ರತಿಮೆ ಮಾಡಿ ಮಾರಿ ಲಾಭ ನೋಡಬಹುದು. ಆದರೆ ಕವಚ ಮಾರುವ ಮೊದಲು ಎರಡು ಸಲ ಯೋಚಿಸಿ. ಅದು ನಿಮ್ಮದೇ ಸೈನ್ಯದ ಸಾಮಾನು. ಬೆಳ್ಳಿ ಗಣಿ ಇರುವ ನಕ್ಷೆ ಸಿಕ್ಕಿದರೆ ಈ ಯಾವ ಚಿಂತೆಯೂ ಅಷ್ಟಾಗಿ ಇರುವುದಿಲ್ಲ, ಟಂಕಸಾಲೆಯೇ ನಗರವನ್ನು ಸಾಕುತ್ತದೆ. ನಿಮಗೆ ಸಿಕ್ಕಿಲ್ಲ, ಆದ್ದರಿಂದ ವ್ಯಾಪಾರವೇ ಗತಿ.

ಇಲ್ಲಿ ನಿಜವಾದ ಅಥೆನ್ಸ್‌ನ ವಿಷಯ ಸ್ವಲ್ಪ ಹೇಳಲೇಬೇಕು. ನಿಮ್ಮ ನಗರದ ಸ್ಥಿತಿ ಅದರದ್ದೇ ತದ್ರೂಪ. ಅಥೆನ್ಸ್ ಸುತ್ತಲಿನ ಆಟಿಕಾ ನಾಡಿನಲ್ಲಿ ಆಲಿವ್ ಚೆನ್ನಾಗಿ ಬೆಳೆಯುತ್ತಿತ್ತು, ಗೋಧಿ ಸಾಲುತ್ತಿರಲಿಲ್ಲ, ಹಡಗು ಕಟ್ಟುವಂಥ ಮರ ಸಿಗುತ್ತಿರಲಿಲ್ಲ. ಕ್ರಿ.ಪೂ. 6ನೇ ಶತಮಾನದ ಶುರುವಿನಲ್ಲಿ ಅಥೆನ್ಸ್‌ನ ಶಾಸನಕಾರ ಸೋಲನ್ ಮಾಡಿದ ಒಂದು ಕಾನೂನನ್ನು ಆಮೇಲಿನ ಗ್ರೀಕ್ ಲೇಖಕ ಪ್ಲೂಟಾರ್ಕ್ ದಾಖಲಿಸಿದ್ದಾನೆ: ನೆಲದ ಬೆಳೆಗಳಲ್ಲಿ ಆಲಿವ್ ಎಣ್ಣೆಯೊಂದನ್ನು ಮಾತ್ರ ಹೊರಗೆ ಮಾರಬಹುದು, ಬೇರೆ ಯಾವುದನ್ನೂ ಮಾರುವಂತಿಲ್ಲ. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಟ್ರೇಡಿಂಗ್ ಪೋಸ್ಟ್‌ನಲ್ಲಿ ಎಣ್ಣೆಗೆ ‘ಮಾರು’, ಧಾನ್ಯಕ್ಕೆ ‘ಮಾರಬೇಡ’.

ಆಮೇಲಿನ ಅಥೆನ್ಸ್ ಇನ್ನೂ ಬಿಗಿಯಾಯಿತು. ಕ್ರಿ.ಪೂ. 4ನೇ ಶತಮಾನದಲ್ಲಿ ಅಥೆನ್ಸ್‌ನಲ್ಲಿ ನೆಲೆಸಿದ ಯಾರೂ ಬೇರೆ ಬಂದರಿಗೆ ಧಾನ್ಯ ಸಾಗಿಸುವಂತಿರಲಿಲ್ಲ. ಪಿರೇಯಸ್ ಬಂದರಿನ ಧಾನ್ಯದ ಕಟ್ಟೆಗೆ ಬಂದ ಧಾನ್ಯದಲ್ಲಿ ಮೂರರಲ್ಲಿ ಎರಡು ಪಾಲು ನಗರಕ್ಕೆ ಹೋಗಲೇಬೇಕಿತ್ತು. ಅದನ್ನು ನೋಡಿಕೊಳ್ಳಲು ಅಧಿಕಾರಿಗಳಿದ್ದರು. ಇದರಲ್ಲಿ ನನಗೆ ತುಂಬಾ ಇಷ್ಟವಾದ ಸಂಗತಿ ಬೇರೆ ಇದೆ. ಅಥೆನ್ಸ್ ವರ್ಷವನ್ನು ಆಡಳಿತಕ್ಕಾಗಿ 10 ಭಾಗ ಮಾಡಿಕೊಂಡಿತ್ತು. ಪ್ರತಿ ಭಾಗದಲ್ಲೂ ಒಂದು ಮುಖ್ಯ ಜನಸಭೆ ಸೇರುತ್ತಿತ್ತು. ಆ ಸಭೆಯಲ್ಲಿ ಕಡ್ಡಾಯವಾಗಿ ಚರ್ಚೆಯಾಗಬೇಕಾದ ವಿಷಯಗಳಲ್ಲಿ ಧಾನ್ಯ ಮತ್ತು ನಾಡಿನ ರಕ್ಷಣೆ ಎರಡೂ ಇದ್ದವು. ಎರಡಕ್ಕೂ ಒಂದೇ ಸಭೆ. ಗೋಧಿ ಎಷ್ಟಿದೆ ಅಂತ ಕೇಳಿದ ಜನವೇ ಅದೇ ದಿನ ಗಡಿ ಹೇಗಿದೆ ಅಂತಲೂ ಕೇಳುತ್ತಿದ್ದರು. ನೀವು ಬೇರೆ ನಗರಗಳನ್ನು ತೋರಿಸುವ ವರ್ಲ್ಡ್ ಮ್ಯಾಪ್ ತೆರೆಯುವ ಮೊದಲು ಪ್ರತಿ ಸಲ ಗೋದಾಮಿನ ಲೆಕ್ಕ ತೆರೆಯಿರಿ ಅಂತ ನಾನು ಹೇಳುವುದು ಇದಕ್ಕೇ.

ಈಗ ಸಿಟ್ಟಾದ ಮಿತ್ರನ ವಿಷಯ. ಆಟದಲ್ಲಿ ಪ್ರತಿ ನಗರಕ್ಕೂ ನಿಮ್ಮ ಮೇಲೆ ಇಷ್ಟು ಅಭಿಮಾನ ಅನ್ನುವ ಅಳತೆ ಇದೆ. ಬೇಡಿಕೆ ಬಂದಾಗ ನಿಮಗೆ ಮೂರು ದಾರಿ: ಈಗಲೇ ಕಳಿಸುವುದು, ಮುಂದೂಡುವುದು, ಆಗುವುದಿಲ್ಲ ಅನ್ನುವುದು. ಕೇಳಿದ್ದನ್ನು ಅವಧಿಯೊಳಗೆ ಕಳಿಸಿದರೆ ಅಭಿಮಾನ ಏರುತ್ತದೆ. ತಡವಾದರೆ ಅಷ್ಟು ಸಿಗುವುದಿಲ್ಲ. ಕೊಡದೇ ಇದ್ದರೆ ಇಳಿಯುತ್ತದೆ. ತೀರಾ ಇಳಿದರೆ ವ್ಯಾಪಾರ ನಿಲ್ಲುತ್ತದೆ. ಅಷ್ಟಕ್ಕೂ ಬಿಟ್ಟರೆ ಮಿತ್ರ ಶತ್ರುವಾಗುವುದೂ ಉಂಟು.

ಅದನ್ನು ಮತ್ತೆ ಏರಿಸುವುದು ಉಡುಗೊರೆಯಿಂದ. ವರ್ಲ್ಡ್ ಮ್ಯಾಪ್‌ನಲ್ಲಿ ಆ ನಗರವನ್ನು ಆರಿಸಿ, ಉಡುಗೊರೆ ಕಳಿಸಿ. ದುಡ್ಡೂ ಕೊಡಬಹುದು, ಸಾಮಾನೂ ಕೊಡಬಹುದು. ಅವರು ಎಣ್ಣೆ ಕೇಳಿದ್ದರು, ಎಣ್ಣೆ ನಿಮ್ಮದೇ ಉತ್ಪನ್ನ, ಹಾಗಾಗಿ ನಾನಾದರೆ ಎಣ್ಣೆಯನ್ನೇ ಕಳಿಸುತ್ತೇನೆ. ಅವರಿಂದ ಮತ್ತೆ ಹೊಸ ಬೇಡಿಕೆ ಬಂದರೆ ಬೇರೆಲ್ಲ ಬಿಟ್ಟು ಅದನ್ನು ಮೊದಲು ಪೂರೈಸಿ. ಈ ಸಮಯದಲ್ಲಿ ಅವರ ಹತ್ತಿರ ನೀವು ಏನನ್ನೂ ಕೇಳಬೇಡಿ. ಕೇಳಿದಷ್ಟೂ ಅಭಿಮಾನ ಕರಗುತ್ತದೆ. ವ್ಯಾಪಾರ ಮತ್ತೆ ಶುರುವಾದ ಮೇಲೂ ಒಂದು ವರ್ಷ ಕೇಳದೇ ಇರುವುದು ಒಳ್ಳೆಯದು.

ಎಲ್ಲ ಬೇಡಿಕೆಗೂ ಹೂಂ ಅನ್ನಬೇಕಾ? ಬೇಡ. ಊರಿನ ದಿನಸಿ ಅಂಗಡಿಯವನು ಎಲ್ಲರಿಗೂ ಉದ್ರಿ ಕೊಡುವುದಿಲ್ಲ, ದಿನಾ ಬರುವವರಿಗೆ ಇಲ್ಲ ಅನ್ನುವುದಿಲ್ಲ. ನೀವೂ ಹಾಗೇ ಲೆಕ್ಕ ಹಾಕಿ. ಯಾವ ನಗರ ನಿಮಗೆ ಮರ ಕೊಡುತ್ತದೋ, ಕಂಚು ಕೊಡುತ್ತದೋ, ಯಾವುದು ನಿಮ್ಮ ಎಣ್ಣೆ ಕೊಳ್ಳುತ್ತದೋ, ಅದಕ್ಕೆ ಇಲ್ಲ ಅನ್ನಬೇಡಿ. ದೂರದಲ್ಲಿದ್ದು, ನಿಮಗೆ ಬೇಕಾದದ್ದು ಏನೂ ಇಲ್ಲದ, ನಿಮ್ಮ ಸಾಮಾನೂ ಕೊಳ್ಳದ ನಗರಕ್ಕೆ ಆಗುವುದಿಲ್ಲ ಅಂದರೆ ದೊಡ್ಡ ನಷ್ಟವೇನಿಲ್ಲ. ಆದರೆ ಆಗುವುದಿಲ್ಲ ಅನ್ನುವ ಮೊದಲು ಆ ನಗರದ ಸೈನ್ಯ ಎಷ್ಟು ಬಲವಾಗಿದೆ ಅಂತ ನೋಡಿಕೊಳ್ಳಿ.

ಅಭಿಮಾನವನ್ನು ಸಾಮಾನಿನ ಹಾಗೆ ಕೂಡಿಡುವುದು ಹೇಗೆ ಅಂತ ತಿಳಿಯಬೇಕಾದರೆ ಬಾಸ್ಪೊರಸ್ ರಾಜ್ಯದ ಕಥೆ ನೋಡಬೇಕು. ಕಪ್ಪು ಸಮುದ್ರದ ಉತ್ತರ ದಡದಲ್ಲಿ, ಈಗಿನ ಕ್ರಿಮಿಯಾದ ಭಾಗದಲ್ಲಿ ಈ ರಾಜ್ಯ ಇತ್ತು. ಗೋಧಿ ಅಲ್ಲಿ ಹೇರಳ. ಕ್ರಿ.ಪೂ. 4ನೇ ಶತಮಾನದಲ್ಲಿ ಅಲ್ಲಿ ಆಳಿದ ಲ್ಯೂಕೋನ್, ಅಥೆನ್ಸ್‌ಗೆ ಧಾನ್ಯ ಒಯ್ಯುವ ಹಡಗುಗಳಿಗೆ ಮೂವತ್ತರಲ್ಲಿ ಒಂದು ಪಾಲಿನ ಸುಂಕವನ್ನು ಮಾಫಿ ಮಾಡಿದ್ದ. ಅವನ ನಾಡಿನಿಂದ ಸುಮಾರು 4,00,000 ಮೆಡಿಮ್ನಸ್ ಧಾನ್ಯ ಬರುತ್ತದೆ ಅಂತ ಭಾಷಣಕಾರ ಡೆಮೊಸ್ತನೀಸ್ ಹೇಳುತ್ತಾನೆ. ಒಂದು ಮೆಡಿಮ್ನಸ್ ಅಂದರೆ ಸುಮಾರು 52 ಲೀಟರ್ ಅಳತೆ. ಅಷ್ಟು ಧಾನ್ಯದ ಮೇಲೆ ಸುಂಕ ಬಿಟ್ಟರೆ ಸುಮಾರು 13,000 ಮೆಡಿಮ್ನಸ್ ಪುಕ್ಕಟೆ ಕೊಟ್ಟ ಹಾಗೆ, ಅಂತ ಅವನದೇ ಲೆಕ್ಕ. ಇದಕ್ಕೆ ಅಥೆನ್ಸ್ ಏನು ಕೊಟ್ಟಿತು? ಲ್ಯೂಕೋನ್‌ಗೆ ಮತ್ತು ಅವನ ಮಕ್ಕಳಿಗೆ ತನ್ನ ಪೌರತ್ವ ಕೊಟ್ಟಿತು, ತನ್ನ ಕಡೆಯ ತೆರಿಗೆಗಳಿಂದ ವಿನಾಯಿತಿ ಕೊಟ್ಟಿತು.

ಲ್ಯೂಕೋನ್ ತೀರಿಕೊಂಡ ಮೇಲೆ ಅವನ ಮಕ್ಕಳು ಪಟ್ಟಕ್ಕೆ ಬಂದರು. ಅವರೂ ಧಾನ್ಯದ ವಿಷಯದಲ್ಲಿ ತಂದೆಯ ಹಾಗೇ ನಡೆದುಕೊಳ್ಳುತ್ತೇವೆ ಅಂದರು. ಕ್ರಿ.ಪೂ. 346ರಲ್ಲಿ ಅಥೆನ್ಸ್ ಅವರನ್ನು ಗೌರವಿಸಿ ಒಂದು ನಿರ್ಣಯ ಮಾಡಿ ಕಲ್ಲಿನಲ್ಲಿ ಕೆತ್ತಿಸಿತು. ಆ ಕಲ್ಲು ಸಿಕ್ಕಿದೆ. ದೊಡ್ಡ ಪನಾಥೆನಿಯಾ ಹಬ್ಬ ಬಂದಾಗಲೆಲ್ಲ ಅವರಿಗೆ 1,000 ಡ್ರಾಕ್ಮಾದ (ಡ್ರಾಕ್ಮಾ ಅಂದರೆ ಗ್ರೀಕರ ಬೆಳ್ಳಿ ನಾಣ್ಯ) ಚಿನ್ನದ ಕಿರೀಟ ಕೊಡಬೇಕು ಅಂತ ಅದರಲ್ಲಿದೆ. ಅದೇ ನಿರ್ಣಯದಲ್ಲಿ ಇನ್ನೊಂದು ಮಾತಿದೆ. ಆ ರಾಜರು ತಮಗೆ ಹಡಗಿನ ಕೆಲಸಗಾರರು ಬೇಕು ಅಂತ ಅಥೆನ್ಸ್‌ಗೆ ಕೇಳಿಕೊಂಡಿದ್ದರು. ಕೊಡಲು ಅಥೆನ್ಸ್ ಒಪ್ಪಿತು. ಇದು ಪೂರ್ತಿ ನಿಮ್ಮ ಪರದೆಯ ಮೇಲೆ ಬರುವ ರಿಕ್ವೆಸ್ಟ್ ಥರವೇ. ಗೋಧಿ ಕೊಡುವವನು ಕೇಳಿದ, ಗೋಧಿ ತಿನ್ನುವವರು ಕಳಿಸಿದರು, ಚಿನ್ನದ ಕಿರೀಟವೂ ಜೊತೆಗೆ ಹೋಯಿತು.

ನಿಮ್ಮ ಇನ್ನೊಂದು ಅಪಾಯ, ಮರ ಮತ್ತು ಅಮೃತಶಿಲೆ ಎರಡೂ ಒಂದೇ ಕಡೆಯಿಂದ ಬರುವುದು. ಇದನ್ನು ತಕ್ಷಣ ಸರಿ ಮಾಡಬೇಕು. ವರ್ಲ್ಡ್ ಮ್ಯಾಪ್‌ನಲ್ಲಿ ಮರ ಮಾರುವ ಇನ್ನೊಂದು ನಗರ ಇದೆಯಾ ನೋಡಿ. ಇದ್ದರೆ ಅದಕ್ಕೂ ಒಂದು ಟ್ರೇಡಿಂಗ್ ಪೋಸ್ಟ್ ಕಟ್ಟಿ. ಬೆಲೆ ಸ್ವಲ್ಪ ಹೆಚ್ಚಿದ್ದರೂ ಪರವಾಗಿಲ್ಲ. ಅಲ್ಲಿಂದ ಸ್ವಲ್ಪವೇ ಕೊಳ್ಳಿ, ಆದರೆ ಬಾಗಿಲು ತೆರೆದಿಟ್ಟಿರಿ. ಈ ವಿಷಯದಲ್ಲಿ ಅಥೆನ್ಸ್ ಪಟ್ಟ ಪಾಡು ದೊಡ್ಡದು. ಥ್ರೇಸ್‌ನ ಸ್ಟ್ರೈಮನ್ ನದಿಯ ದಡದಲ್ಲಿ ಕ್ರಿ.ಪೂ. 437ರಲ್ಲಿ ಅದು ಆಂಫಿಪೊಲಿಸ್ ಅನ್ನುವ ವಸಾಹತು ಕಟ್ಟಿತು. ಅಲ್ಲಿಂದ ಹಡಗಿನ ಮರವೂ ಬರುತ್ತಿತ್ತು, ಆದಾಯವೂ ಬರುತ್ತಿತ್ತು. ಕ್ರಿ.ಪೂ. 424ರ ಚಳಿಗಾಲದಲ್ಲಿ ಸ್ಪಾರ್ಟಾದ ಸೇನಾಪತಿ ಬ್ರಾಸಿಡಾಸ್ ಅದನ್ನು ತೆಗೆದುಕೊಂಡ. ಅಥೆನ್ಸ್‌ನವರು ಯಾಕೆ ಅಷ್ಟು ಗಾಬರಿಯಾದರು ಅನ್ನುವುದಕ್ಕೆ ಆ ಕಾಲದ ಇತಿಹಾಸಕಾರ ಥುಸಿಡಿಡೀಸ್ ಕೊಡುವ ಕಾರಣಗಳಲ್ಲಿ ಮೊದಲು ಬರುವುದೇ ಈ ಮರ ಮತ್ತು ಆದಾಯ. ಆಮೇಲೆ ಮ್ಯಾಸಿಡೋನಿಯಾದ ರಾಜರನ್ನು ಓಲೈಸಬೇಕಾಯಿತು. ರಾಜ ಪರ್ಡಿಕ್ಕಾಸ್ ಜೊತೆಗಿನ ಒಂದು ಒಪ್ಪಂದದಲ್ಲಿ, ದೋಣಿಯ ಹುಟ್ಟುಗಳನ್ನು ಅಥೆನ್ಸ್ ಬಿಟ್ಟು ಬೇರೆ ಯಾರಿಗೂ ಕಳಿಸುವುದಿಲ್ಲ ಅಂತ ಅವನಿಂದ ಮಾತು ತೆಗೆದುಕೊಂಡಿದ್ದಾರೆ. ದೋಣಿ ನಡೆಸುವ ಹುಟ್ಟಿಗೂ ಒಪ್ಪಂದ ಬೇಕಾಯಿತು!

ವಸಾಹತಿನ ಮಾತು ಬಂತಲ್ಲ, ಅದರ ಬಗ್ಗೆಯೂ ಹೇಳುತ್ತೇನೆ. ನಿಮ್ಮ ಮುಂದಿನ ಅಧ್ಯಾಯಗಳಲ್ಲಿ ಹೊಸ ನಗರ ಕಟ್ಟುವ ಅವಕಾಶ ಬರುತ್ತದೆ. ಕೆಲವು ಕಡೆ ಎಲ್ಲಿ ಕಟ್ಟಬೇಕು ಅಂತ ಆರಿಸಲೂ ಬಿಡುತ್ತಾರೆ. ಆಗ ತುಂಬಾ ಜನ ಯಾವ ನಕ್ಷೆ ಸುಲಭ ಅಂತ ನೋಡುತ್ತಾರೆ. ಅದನ್ನು ನೋಡಬೇಡಿ. ತಾಯಿ ನಗರದಲ್ಲಿ ಏನಿಲ್ಲ ಅಂತ ನೋಡಿ. ನಿಮಗೆ ಮರ ಇಲ್ಲ, ಅಮೃತಶಿಲೆ ಇಲ್ಲ. ಅವೆರಡರಲ್ಲಿ ಒಂದು ಸಿಗುವ ಜಾಗವೇ ನಿಮ್ಮ ಜಾಗ. ವಸಾಹತು ಕಟ್ಟಿ ಮುಗಿಸಿ ತಾಯಿ ನಗರಕ್ಕೆ ವಾಪಸ್ ಬಂದ ಮೇಲೆ ಅದು ವರ್ಲ್ಡ್ ಮ್ಯಾಪ್‌ನಲ್ಲಿ ನಿಮ್ಮದಾಗಿ ಉಳಿಯುತ್ತದೆ. ವರ್ಷಕ್ಕೊಮ್ಮೆ ಕಪ್ಪ ಕಳಿಸುತ್ತದೆ, ವ್ಯಾಪಾರವನ್ನೂ ಮಾಡುತ್ತದೆ.

ನಮ್ಮದೇ ವಸಾಹತು ಅಂತ ಅದನ್ನು ಕಡೆಗಣಿಸಬೇಡಿ. ಅಭಿಮಾನದ ಅಳತೆ ಅದಕ್ಕೂ ಇದೆ. ಅದೂ ಕಷ್ಟದಲ್ಲಿ ಕೇಳುತ್ತದೆ. ಕೊಡದೇ ಹೋದರೆ ಅಭಿಮಾನ ಇಳಿಯುತ್ತದೆ. ಗ್ರೀಕರಲ್ಲಿ ಇದಕ್ಕೆ ಒಳ್ಳೆಯ ಉದಾಹರಣೆಯೂ ಕೆಟ್ಟ ಉದಾಹರಣೆಯೂ ಒಂದೇ ನಗರದಲ್ಲಿ ಸಿಗುತ್ತವೆ. ಕೊರಿಂತ್ ತನ್ನ ವಸಾಹತಾದ ಪೊಟಿಡಿಯಾಕ್ಕೆ ಪ್ರತಿ ವರ್ಷ ಅಧಿಕಾರಿಗಳನ್ನು ಕಳಿಸುತ್ತಿತ್ತು, ಸಂಬಂಧ ಹಸಿರಾಗಿಟ್ಟಿತ್ತು. ಅದೇ ಕೊರಿಂತ್‌ನ ಇನ್ನೊಂದು ವಸಾಹತು ಕೊರ್ಸೈರಾ. ತಾಯಿ ನಗರಕ್ಕೆ ಕೊಡಬೇಕಾದ ಗೌರವವನ್ನೇ ಇವರು ಕೊಡುವುದಿಲ್ಲ ಅನ್ನುವುದು ಕೊರಿಂತ್‌ನವರ ದೂರು. ಜಗಳ ಬೆಳೆದು ಕೊರ್ಸೈರಾ ಹೋಗಿ ಅಥೆನ್ಸ್ ಕೈ ಹಿಡಿಯಿತು. ಕ್ರಿ.ಪೂ. 431ರಲ್ಲಿ ಶುರುವಾದ ಪೆಲೊಪೊನೀಷಿಯನ್ ಯುದ್ಧಕ್ಕೆ ಇದೂ ಒಂದು ಕಾರಣವಾಯಿತು.

ಇನ್ನು ಶತ್ರುವಿನ ಕಪ್ಪ. ಕೊಡಬೇಕಾ ಅಂತ ಕೇಳಿದ್ದೀರಿ. ಈಗಿನ ಸ್ಥಿತಿಯಲ್ಲಿ ಕೊಡಿ. ಬೇಸರ ಬೇಡ. ಅವರು ಕೇಳಿರುವುದು ನಿಮ್ಮಲ್ಲಿ ಜಾಸ್ತಿ ಇರುವ ಸಾಮಾನು ಅಥವಾ ದುಡ್ಡಾದರೆ ಕಣ್ಣು ಮುಚ್ಚಿ ಕೊಡಿ. ನಿಮಗೆ ಈಗ ಬೇಕಾಗಿರುವುದು ಸಮಯ. ಸೈನ್ಯ ಒಂದೇ ದಿನಕ್ಕೆ ಬರುವುದಿಲ್ಲ. ಸಾಮಾನ್ಯ ಮನೆಗಳಿಂದ ಬರುವವರು ಕಲ್ಲು ಎಸೆಯುವ ಗುಂಪಷ್ಟೇ. ಕವಚ ತೊಟ್ಟ ಹಾಪ್ಲೈಟ್ ಬೇಕಾದರೆ ಶ್ರೀಮಂತರ ಮನೆಗಳು ಬೇಕು. ಆ ಮನೆಗಳಿಗೆ ಊಟ, ಉಣ್ಣೆ, ಎಣ್ಣೆ, ವೈನ್ ಎಲ್ಲ ತಪ್ಪದೇ ಹೋಗಬೇಕು, ಮೇಲೆ ಕವಚ. ಕುದುರೆ ಸವಾರ ಬೇಕಾದರೆ ಕುದುರೆಯೂ ಬೇಕು. ಯುದ್ಧದ ಹಡಗಿಗೆ ಮರ ಬೇಕು, ನಿಮಗೆ ಮರವೇ ನಿಂತಿದೆ. ವ್ಯಾಪಾರ ಸರಿಯಾಗದೆ ಸೈನ್ಯ ಆಗುವುದಿಲ್ಲ, ನೋಡಿ. ಹಾಗಾಗಿ ಕ್ರಮ ಇದು: ಮೊದಲು ಎಣ್ಣೆಯ ದಾಸ್ತಾನು, ಆಮೇಲೆ ಮಿತ್ರನಿಗೆ ಉಡುಗೊರೆ, ಮರ ಬರಲು ಶುರುವಾದ ಮೇಲೆ ವೈನ್ ಮತ್ತು ಕಂಚು, ಕೊನೆಗೆ ಶ್ರೀಮಂತರ ಮನೆ. ಅಲ್ಲಿಯವರೆಗೆ ಕಪ್ಪ ಕೊಡಿ.

ಕೊಡದೇ ಇದ್ದರೆ ದಾಳಿ ಬರಬಹುದು. ಬರುವ ಮೊದಲು ಸುದ್ದಿ ಬರುತ್ತದೆ. ಆಗಲೂ ಲಂಚ ಕೊಟ್ಟು ವಾಪಸ್ ಕಳಿಸುವ ದಾರಿ ಇದೆ, ಆದರೆ ಅದನ್ನು ನೆಚ್ಚಿಕೊಂಡು ಕೂರಬೇಡಿ. ಆ ಹೊತ್ತಿಗೆ ಮಿತ್ರ ನಗರಗಳ ಸಹಾಯ ಕೇಳಬಹುದು. ಅವರ ಅಭಿಮಾನ ಚೆನ್ನಾಗಿದ್ದರೆ ಸೈನ್ಯ ಬರುತ್ತದೆ. ಇಷ್ಟು ದಿನ ಕಳಿಸಿದ ಎಣ್ಣೆಗೆ ಫಲ ಸಿಗುವುದು ಆವಾಗ. ಇನ್ನೊಂದು ಎಚ್ಚರ: ನಿಮ್ಮ ಸೈನ್ಯವನ್ನು ಮಿತ್ರನ ನೆರವಿಗೆ ಹೊರಗೆ ಕಳಿಸಿದಾಗ ಊರು ಬರಿದಾಗುತ್ತದೆ. ಕಪ್ಪ ಕೇಳುವ ಶತ್ರು ಇರುವಾಗ ಎಲ್ಲರನ್ನೂ ಒಟ್ಟಿಗೆ ಕಳಿಸಬೇಡಿ.

ಸೈನ್ಯ ಕಟ್ಟಿ ಆ ಶತ್ರು ನಗರವನ್ನೇ ಗೆದ್ದುಬಿಡುವ ಆಸೆ ಬರುತ್ತದೆ. ಗೆದ್ದರೆ ಅದು ನಿಮಗೆ ವರ್ಷವರ್ಷ ಕಪ್ಪ ಕೊಡುತ್ತದೆ. ನನ್ನ ಅಭಿಪ್ರಾಯ ಹೇಳುತ್ತೇನೆ. ಎರಡು ಕಾರಣಕ್ಕೆ ಮಾತ್ರ ಗೆಲ್ಲಿ: ಅಧ್ಯಾಯದ ಗುರಿಯೇ ಅದಾಗಿದ್ದರೆ, ಅಥವಾ ನಿಮಗೆ ಬೇರೆಲ್ಲೂ ಸಿಗದ ಸಾಮಾನು ಅಲ್ಲಿದ್ದರೆ. ಮಿಕ್ಕಂತೆ ಅಧೀನ ನಗರಕ್ಕಿಂತ ಮಿತ್ರ ನಗರ ಮೇಲು. ಅಥೆನ್ಸ್ ಇದನ್ನು ಉಲ್ಟಾ ಮಾಡಿತು. ಕ್ರಿ.ಪೂ. 478ರಲ್ಲಿ ಪರ್ಷಿಯನ್ನರ ವಿರುದ್ಧ ಕಟ್ಟಿದ ಡೀಲೋಸ್ ಒಕ್ಕೂಟದಲ್ಲಿ ಎಲ್ಲರೂ ಮಿತ್ರರೇ. ಮೊದಲು ಗೊತ್ತು ಮಾಡಿದ ವಂತಿಗೆ 460 ಟ್ಯಾಲೆಂಟ್ (ಒಂದು ಟ್ಯಾಲೆಂಟ್ ಅಂದರೆ 6,000 ಡ್ರಾಕ್ಮಾ). ಖಜಾನೆ ಡೀಲೋಸ್ ದ್ವೀಪದಲ್ಲಿತ್ತು. ಕ್ರಿ.ಪೂ. 454ರ ಹೊತ್ತಿಗೆ ಅದು ಅಥೆನ್ಸ್‌ಗೆ ಬಂದಿತ್ತು, ವಂತಿಗೆ ಕಪ್ಪವಾಗಿತ್ತು. ನಡುವೆ ಥಾಸೋಸ್ ದ್ವೀಪದ ಜೊತೆ ಜಗಳ. ಎದುರಿನ ದಡದ ವ್ಯಾಪಾರ ಕಟ್ಟೆಗಳು ಮತ್ತು ಒಂದು ಗಣಿ ಯಾರದು ಅನ್ನುವುದೇ ಜಗಳದ ಮೂಲ. ಥಾಸೋಸ್ ದಂಗೆ ಎದ್ದಿತು, ಮುತ್ತಿಗೆಯ ಮೂರನೇ ವರ್ಷ ಸೋತಿತು. ಗೋಡೆ ಕೆಡವಬೇಕಾಯಿತು, ಹಡಗು ಒಪ್ಪಿಸಬೇಕಾಯಿತು, ಗಣಿಯೂ ಹೋಯಿತು. ಗೆದ್ದ ಅಥೆನ್ಸ್‌ಗೂ ನೆಮ್ಮದಿ ಸಿಗಲಿಲ್ಲ. ಮಿತ್ರರು ತಿರುಗಿ ಬೀಳಲು ಮುಖ್ಯ ಕಾರಣ ಕಪ್ಪದ ಮತ್ತು ಹಡಗಿನ ಬಾಕಿ ಅಂತ ಥುಸಿಡಿಡೀಸ್ ಬರೆಯುತ್ತಾನೆ. ಅಥೆನ್ಸ್ ವಸೂಲಿಯಲ್ಲಿ ಒಂಚೂರೂ ಬಿಡುತ್ತಿರಲಿಲ್ಲವಂತೆ.

ಕೊನೆಗೆ ಅಥೆನ್ಸ್ ಅನ್ನು ಮಣಿಸಿದ್ದೂ ಗೋಧಿಯೇ. ಕ್ರಿ.ಪೂ. 405ರಲ್ಲಿ ಹೆಲೆಸ್ಪಾಂಟ್ ಜಲಸಂಧಿಯ ಏಗೋಸ್ಪೊಟಮಿಯಲ್ಲಿ ಸ್ಪಾರ್ಟಾದ ಲೈಸಾಂಡರ್ ಅಥೆನ್ಸ್‌ನ ನೌಕಾಪಡೆಯನ್ನು ಹಿಡಿದ. ಕಪ್ಪು ಸಮುದ್ರದಿಂದ ಧಾನ್ಯ ಬರುವ ದಾರಿ ಅದೇ. ಮರುವರ್ಷ ಹಸಿವಿನಿಂದ ಕಂಗೆಟ್ಟ ಅಥೆನ್ಸ್ ಶರಣಾಯಿತು. ನಿಮ್ಮ ಎದುರಾಳಿಯನ್ನು ಸೋಲಿಸಲು ನೀವು ಹೀಗೆ ಮಾಡಲು ಆಟ ಬಿಡುವುದಿಲ್ಲ, ಅದು ಅದರ ಒಂದು ಕೊರತೆ. ನಿಮ್ಮ ಹಡಗುಪಡೆ ಬೇರೆಯವರ ಧಾನ್ಯದ ದಾರಿಯನ್ನು ಕಟ್ಟಿಹಾಕಲಾರದು.

ಆಟ ನಿಜದಿಂದ ದೂರ ಹೋಗುವ ಇನ್ನೊಂದು ಜಾಗವನ್ನೂ ಹೇಳಬೇಕು. ಇಲ್ಲಿ ನಗರವೇ ವ್ಯಾಪಾರಿ. ನಿಜವಾದ ಅಥೆನ್ಸ್‌ನಲ್ಲಿ ವ್ಯಾಪಾರ ಮಾಡುತ್ತಿದ್ದವರು ಖಾಸಗಿ ಜನ, ಅದರಲ್ಲೂ ಹೊರಗಿನಿಂದ ಬಂದು ನೆಲೆಸಿದವರು ತುಂಬಾ. ಅವರು ಸಮುದ್ರ ಯಾನಕ್ಕೆ ಅಂತ ಸಾಲ ಎತ್ತುತ್ತಿದ್ದರು. ಹಡಗು ಮುಳುಗಿದರೆ ಸಾಲ ತೀರಿಸಬೇಕಿರಲಿಲ್ಲ, ಹಾಗಾಗಿ ಬಡ್ಡಿ ಜಾಸ್ತಿ. ಅಂಥ ಒಂದು ಕರಾರು ಪತ್ರ ಡೆಮೊಸ್ತನೀಸ್ ಹೆಸರಿನಲ್ಲಿ ಉಳಿದಿರುವ ಒಂದು ಕೋರ್ಟ್ ಭಾಷಣದಲ್ಲಿದೆ. 3,000 ಡ್ರಾಕ್ಮಾ ಸಾಲ. ಮೆಂಡೆ ಅನ್ನುವ ಗ್ರೀಕ್ ನಗರದ ವೈನ್ 3,000 ಜಾಡಿ ಅಡ. ಅದನ್ನು ಬಾಸ್ಪೊರಸ್ ಕಡೆ ಒಯ್ಯಬೇಕು. ಬಡ್ಡಿ ಸಾವಿರಕ್ಕೆ 225. ಸ್ವಾತಿ ನಕ್ಷತ್ರ ಕಾಣಿಸಿಕೊಂಡ ಮೇಲೆ, ಅಂದರೆ ಸುಮಾರು ಸೆಪ್ಟೆಂಬರ್ ನಡುವಿನ ನಂತರ ಹಡಗು ವಾಪಸ್ ಹೊರಟರೆ ಸಾವಿರಕ್ಕೆ 300. ಸಮುದ್ರ ಕೆಡುವ ಕಾಲ ಅದು. ನಿಮ್ಮ ಪಿಯರ್‌ಗೆ ಹಡಗು ಬಂದು ನಿಂತಾಗ ಇದನ್ನೊಮ್ಮೆ ನೆನಪು ಮಾಡಿಕೊಳ್ಳಿ. ಆಟಕ್ಕೆ ಇದರಿಂದ ಲಾಭವೇನಿಲ್ಲ, ಆದರೂ ಆ ಪುಟ್ಟ ಹಡಗು ಬೇರೆ ಥರ ಕಾಣಿಸುತ್ತದೆ.

ಈ ಆಟಕ್ಕೆ ಆಮೇಲೆ ಬಂದ ‘ಪೊಸೈಡನ್’ ಸೇರ್ಪಡೆ ಹಾಕಿಕೊಳ್ಳಬೇಕಾ ಅನ್ನುವ ಪ್ರಶ್ನೆಯೂ ಬರುತ್ತಿರುತ್ತದೆ, ಹಾಗಾಗಿ ಹೇಳಿಬಿಡುತ್ತೇನೆ. ಅದು 2001ರಲ್ಲಿ ಬಂತು. ಈಗ ಆನ್‌ಲೈನ್ ಆಟದ ಅಂಗಡಿಗಳಾದ ಗಾಗ್ ಮತ್ತು ಸ್ಟೀಮ್‌ನಲ್ಲಿ ಎರಡೂ ಜೊತೆಗೇ ಸಿಗುತ್ತವೆ. ಅಟ್ಲಾಂಟಿಸ್‌ನ ಕಥೆ, ಪಿರಮಿಡ್, ಕಪ್ಪು ಅಮೃತಶಿಲೆ, ಓರಿಕಾಲ್ಕ್ ಅನ್ನುವ ಲೋಹ, ಕಿತ್ತಳೆ ಹೊಸದಾಗಿ ಸೇರಿವೆ. ವ್ಯಾಪಾರದ ಲೆಕ್ಕ ಹಳೆಯದೇ. ಪಿರಮಿಡ್ ಅಮೃತಶಿಲೆಯನ್ನು ನುಂಗುವ ವೇಗ ನೋಡಿದರೆ ಮಾತ್ರ ಎದೆ ಝಲ್ಲನ್ನುತ್ತದೆ. ಅಲ್ಲಿಗೆ ಹೋಗುವ ಮೊದಲು ಈಗಿನ ಸೇವ್‌ನಲ್ಲೇ ಎಣ್ಣೆಯ ಸ್ಟೋರ್‌ಹೌಸ್ ಕಟ್ಟಿ, ಮಾರಾಟದ ಮಿತಿ ಹಾಕಿ, ಶತ್ರುವಿನ ಕಪ್ಪ ಕಳಿಸಿ, ಎರಡು ವರ್ಷ ಆಡಿ ನೋಡಿ. ಆಮೇಲೂ ಮರ ಬರದಿದ್ದರೆ ವರ್ಲ್ಡ್ ಮ್ಯಾಪ್‌ನಲ್ಲಿ ಯಾವ ಯಾವ ನಗರ ಏನೇನು ಮಾರುತ್ತದೆ ಅಂತ ಪಟ್ಟಿ ಮಾಡಿ ಬರೆಯಿರಿ. ಅದನ್ನು ನೋಡಿ ಎರಡನೇ ಪೋಸ್ಟ್ ಯಾವ ನಗರಕ್ಕೆ ಕಟ್ಟಬೇಕು ಅಂತ ಹೇಳುತ್ತೇನೆ.